ಬಾವುಟ ಬಂತು, ವಸು ಬರಲಿಲ್ಲ

"ವಸು ಇನ್ನೂ ಬಂದಿಲ್ಲ ರೀ" ಎಂದೆ.

"ಬಾವುಟ ಬಂದಾಯ್ತಲ್ಲೇ" ಎಂದರು ನಮ್ಮ ಮನೆಯವರು.

ಹೋದ ಭಾನುವಾರ ಬೆಳಿಗ್ಗೆ ವಿಜಯನಗರದ ಮೈದಾನದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಇದು. ವಸು ಯಾರೋ ಪಕ್ಕದ ಬೀದಿಯ ಹುಡುಗಿಯಲ್ಲ, ನಮ್ಮ ಒಬ್ಬಳೇ ಮಗಳು. ಇವರೇನು ಕಲ್ಲೆದೆಯವರೂ ಅಲ್ಲ. ಮಗಳು ನಾಲ್ಕು ಸಲ ಸೀನಿದರೆ ಕಷಾಯಕ್ಕೆ ನೀರಿಡು ಎಂದು ನನ್ನ ಪ್ರಾಣ ತೆಗೆಯುವ ಮನುಷ್ಯ. ಅಂಥವರ ಬಾಯಲ್ಲಿ ಆ ಮಾತು ಹೇಗೆ ಬಂತು? ಅದು ನಿಮಗೆ ಅರ್ಥವಾಗಬೇಕಾದರೆ ಮೊದಲು ಅವರ ಸಂಘದ ಪುರಾಣ ಕೇಳಬೇಕು. ಈ ಅಂಕಣ ಓದುವವರಿಗೆ ಪುರಾಣ ಕೇಳಿ ಅಭ್ಯಾಸವಿದೆ ಎಂಬ ಧೈರ್ಯ ನನಗೆ.

ಸಂಘದ ಪೂರ್ತಿ ಹೆಸರು ಪಡುವಣ ಬಡಾವಣೆಗಳ ಹವ್ಯಾಸಿ ಓಟಗಾರರ ಸಂಘ. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ನೂರು ಗಜದ ಓಟ ಮುಗಿದಿರುತ್ತದೆ.) ಜನ ಅದನ್ನು ಓಟದ ಸಂಘ ಎನ್ನುತ್ತಾರೆ. ಇವರು ಅದರ ಕಾರ್ಯದರ್ಶಿ. ನಾನು ಕಾರ್ಯದರ್ಶಿಯ ಹೆಂಡತಿ. ಎಂದರೆ, ಸಭೆಗೆ ಬಂದವರಿಗೆಲ್ಲ ಕಾಫಿ ಕೊಡುವ ಹುದ್ದೆ.

ಸಂಘ ಹುಟ್ಟಿದ್ದು ಆರೋಗ್ಯದ ಮೇಲಿನ ಪ್ರೀತಿಯಿಂದ ಎಂದು ಇವರು ಭಾಷಣದಲ್ಲಿ ಹೇಳುತ್ತಾರೆ. ನಂಬಬೇಡಿ. ಹುಟ್ಟಿದ್ದು ಬಸ್ಸಿನಿಂದ. ರಾಜಾಜಿನಗರದಲ್ಲಿ ಮನೆಗಳೆದ್ದವು, ಬಸ್ಸು ಬರಲಿಲ್ಲ. ಬೆಳಗಿನ ಪಾಳಿಗೆ ಹೋಗುವ ಗಂಡಸರು ಟಿಫಿನ್ ಕ್ಯಾರಿಯರ್ ಹಿಡಿದು ಮಾಗಡಿ ರಸ್ತೆಯವರೆಗೆ ಓಡಬೇಕಾಗಿತ್ತು. ದಿನವೂ ಓಡಿ ಓಡಿ ಯಾರು ಮುಂದೆ, ಯಾರು ಹಿಂದೆ ಎಂಬ ಮಾತು ಬಂತು. ಮಾತಿಗೆ ಮಾತು ಬೆಳೆದು ಭಾನುವಾರವೂ ಓಡತೊಡಗಿದರು. ಅಷ್ಟರಲ್ಲಿ ಬಸ್ಸು ಮನೆಬಾಗಿಲಿಗೇ ಬಂತು. ಇವರ ಓಟ ಮಾತ್ರ ನಿಲ್ಲಲಿಲ್ಲ.

ಆಮೇಲೆ ಮೈದಾನವೇ ಓಡತೊಡಗಿತು. ರಾಜಾಜಿನಗರದ ಬಯಲಲ್ಲಿ ಟ್ರ್ಯಾಕ್ ಗುರುತು ಮಾಡಿದರು. ಅಲ್ಲಿ ಸೈಟು ಬಿತ್ತು. ಬಸವೇಶ್ವರನಗರದ ಕಡೆ ಹೋದರು. ಅಲ್ಲೂ ಕಲ್ಲು ನೆಟ್ಟರು. ಈಗ ವಿಜಯನಗರ. ಸಂಘದ ಹಿಂದೆ ನಾವೂ ಬಾಡಿಗೆ ಮನೆ ಬದಲಾಯಿಸುತ್ತಾ ಬಂದಿದ್ದೇವೆ. ಇಲ್ಲೂ ಕಾಂಪೌಂಡ್ ಏಳುವ ಸುದ್ದಿಯಿದೆ. ಪಾತ್ರೆ ಕಟ್ಟಲು ಗೋಣಿಚೀಲ ಜೋಡಿಸಿಟ್ಟಿದ್ದೇನೆ.

ಸಂಘದ ದೊಡ್ಡ ಹಬ್ಬ ಎಂದರೆ ಚಳಿಗಾಲದ ಕೆಂಗೇರಿ ಓಟ. ಮೈದಾನದಿಂದ ಹೊರಟು, ಮೈಸೂರು ರಸ್ತೆ ಹಿಡಿದು, ನಾಯಂಡಹಳ್ಳಿ ದಾಟಿ ಕೆಂಗೇರಿಯ ಹುಣಸೆಮರದವರೆಗೆ ಹೋಗಬೇಕು. ಅಲ್ಲಿ ಸಂಘದವನೊಬ್ಬ ಬಲಗೈಗೆ ಕೆಂಪು ಉಲ್ಲನ್ ದಾರ ಕಟ್ಟುತ್ತಾನೆ. ಕಟ್ಟಿಸಿಕೊಂಡು ಅದೇ ದಾರಿಯಲ್ಲಿ ವಾಪಸ್ಸು. ಕೈಯಲ್ಲಿ ದಾರವಿಲ್ಲದೆ ಬಂದವನು ನಡುದಾರಿಯಲ್ಲೇ ತಿರುಗಿದ ಕಳ್ಳ ಎಂದು ಲೆಕ್ಕ.

ಇನ್ನು ಬಾವುಟ. ಮೊದಲ ಕೆಂಗೇರಿ ಓಟದಲ್ಲಿ ಬಾವುಟ ಇರಲಿಲ್ಲ. ಓಡಿದವರು ಬಂದರು, ಗೆದ್ದವನಿಗೆ ಹಾರ ಬಿತ್ತು, ಎಲ್ಲರೂ ಮನೆಗೆ ಹೋದರು. ಮಧ್ಯಾಹ್ನ ನಾನು ಎಲೆ ಹಾಕುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ನಮ್ಮ ಜಗಲಿಯ ಮುಂದೆ ಬಂದು ನಿಂತಳು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ. ಹೆಸರು ಗೌರಮ್ಮ. ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಚನ್ನವೀರಪ್ಪನವರ ಹೆಂಡತಿ. "ನಿಮ್ಮ ಯಜಮಾನ್ರು ಊಟಕ್ಕೆ ಕುಂತಾರೇನ್ರೀ?" ಎಂದು ಕೇಳಿದಳು. ಹೌದು ಎಂದೆ. "ನಮ್ಮೋರು ಇನ್ನೂ ಬಂದಿಲ್ರೀ" ಎಂದಳು.

ಇವರು ಕೈ ತೊಳೆದು ಓಡಿದರು. ಚನ್ನವೀರಪ್ಪನವರು ಕಾಲು ಉಳುಕಿ ಮೈಸೂರು ರಸ್ತೆಯ ಒಂದು ಆಲದ ಮರದ ಬುಡದಲ್ಲಿ ಕೂತಿದ್ದರು. ಯಾರಾದರೂ ಬರುತ್ತಾರೆ ಎಂದು ಕಾದು ಕಾದು, ಯಾರೂ ಬಾರದೆ, ಕೋಲು ಊರಿಕೊಂಡು ಹೊರಟಿದ್ದರಂತೆ. ಮರುದಿನ ಗೌರಮ್ಮ ತನ್ನ ಹಳದಿ ಸೀರೆಯೊಂದನ್ನು ಹರಿದು, ಬಾವುಟ ಹೊಲಿದು ತಂದು ಇವರ ಕೈಗಿಟ್ಟಳು. "ಎಲ್ಲಾರಿಗಿಂತ ಹಿಂದಿರೋರ ಕೈಯಾಗೆ ಇದನ್ನ ಕೊಡ್ರಿ. ಇದು ಬರೋತನ ಯಾರೂ ಮನಿಗೆ ಹೋಗಬ್ಯಾಡ್ರಿ" ಎಂದಳು. ಇಷ್ಟೇ ಹೇಳಿದ್ದು. ಕೂಗಾಡಲಿಲ್ಲ, ಅಳಲಿಲ್ಲ. ನಾನು ಅಲ್ಲೇ ಲೋಟ ಹಿಡಿದು ನಿಂತಿದ್ದೆ.

ಅಂದಿನಿಂದ ಅದೇ ನಿಯಮ. ಕೆಂಗೇರಿಯಲ್ಲಿ ದಾರ ಕಟ್ಟುವವನು ಕೊನೆಯ ಓಟಗಾರನಿಗೆ ಬಾವುಟ ಕೊಡುತ್ತಾನೆ. ಅದು ಬಂದು ವೇದಿಕೆಯ ಮುಂದಿನ ಬಿದಿರಿನ ಗೂಟದಲ್ಲಿ ನಿಂತ ಮೇಲೆಯೇ ಭಾಷಣ, ಬಹುಮಾನ, ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯುವುದು.

ಮರುವರ್ಷದಿಂದ ಕೊನೆಗೆ ಬರುವವರು ಯಾವಾಗಲೂ ಚನ್ನವೀರಪ್ಪನವರೇ. ಹೊಟ್ಟೆ ಬಂತು, ಕೂದಲು ನೆರೆಯಿತು, ಗೌರಮ್ಮ ತೀರಿಕೊಂಡಳು. ಆದರೂ ಅವರು ವಿಭೂತಿ ಧರಿಸಿ ಓಟಕ್ಕೆ ನಿಲ್ಲುವುದು ತಪ್ಪಲಿಲ್ಲ. ಕೈಲಾಗದೆ ಹಿಂದೆ ಬೀಳುತ್ತಾರೆ ಎಂದು ಹುಡುಗರು ನಗುತ್ತಾರೆ. ಬೇಕೆಂದೇ ಎಲ್ಲರನ್ನೂ ಮುಂದೆ ಬಿಟ್ಟು ಬರುತ್ತಾರೆ ಎಂದು ನನ್ನ ಅನುಮಾನ. ಅವರ ಕೈಯಲ್ಲಿ ಬಾವುಟ ಕಂಡರೆ ಗೆದ್ದವನಿಗಿಂತ ಜೋರು ಚಪ್ಪಾಳೆ ಬೀಳುತ್ತದೆ. ಜನರಿಗೆ ಹಸಿವೂ ಆಗಿರುತ್ತದೆ, ಬಿಡಿ.

ಈ ಸಲದ್ದು ಬೆಳ್ಳಿಹಬ್ಬದ ಓಟ. ಈ ಸಲವೇ ವಸು ಹಟ ಹಿಡಿದಳು, ತಾನೂ ಓಡುತ್ತೇನೆ ಎಂದು.

ಬಿ.ಎ. ಓದುವ ಹುಡುಗಿ. ಕಾಲೇಜಿನಲ್ಲಿ ಓಡಿ ಎರಡು ಕಪ್ಪು ತಂದಿದ್ದಾಳೆ. ಸಮಿತಿ ಕೂತಿತು. ಬೈಲಾ ತೆಗೆದು ನೋಡಿದರು. ಹೆಂಗಸರು ಓಡಬಾರದು ಎಂದು ಎಲ್ಲಿಯೂ ಇಲ್ಲ. (ಬರೆಯುವ ಅಗತ್ಯ ಬೀಳಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.) ನಮ್ಮತ್ತೆ ಮಾತ್ರ, "ಮದುವೆಗೆ ಬಂದ ಹುಡುಗಿ ಮೈಸೂರು ರಸ್ತೇಲಿ ಲಾರಿಗಳ ಮಧ್ಯೆ ಓಡೋದೇನೇ" ಎಂದರು. ನನಗೂ ಎದೆಯಲ್ಲಿ ಅದೇ ಪ್ರಶ್ನೆ ಇತ್ತು. ಆದರೆ ವಸುವಿನ ಮುಖ ನೋಡಿ, "ಓಡ್ಲಿ ಬಿಡಿ ಅತ್ತೆ" ಎಂದುಬಿಟ್ಟೆ. ಅವಳ ಕರವಸ್ತ್ರದ ತುದಿಗೆ ಒಂದಿಷ್ಟು ಚಿಲ್ಲರೆ ಗಂಟು ಹಾಕಿ, "ಕಾಲು ನೋವು ಬಂದ್ರೆ ಸುಮ್ನೆ ಬಸ್ಸು ಹತ್ತಿ ಬಾ" ಎಂದು ಹೇಳಿ ಕಳಿಸಿದೆ.

ಆರಕ್ಕೆ ಶಿಳ್ಳೆ ಊದಿದರು. ಮಂಜಿತ್ತು. ಚೂಡಿದಾರ್ ತೊಟ್ಟು, ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು, ಜಡೆ ಎತ್ತಿ ಕಟ್ಟಿಕೊಂಡ ನನ್ನ ಮಗಳು ಬನಿಯನ್ ತೊಟ್ಟ ಗಂಡಸರ ಗುಂಪಿನಲ್ಲಿ ತಿರುವು ದಾಟಿ ಮರೆಯಾದಳು. ಅವಳ ಕೈಯ ಗಾಜಿನ ಬಳೆಗಳನ್ನು ತೆಗೆಸಬೇಕಾಗಿತ್ತು ಎಂದು ಆಮೇಲೆ ನೆನಪಾಯಿತು.

ಬಿಸಿಲು ಏರುವ ಹೊತ್ತಿಗೆ ಮೊದಲಿನವರು ಬಂದರು. ಆಮೇಲೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ. ಪ್ರತಿ ಸಲ ತಿರುವಿನಲ್ಲಿ ಒಂದು ತಲೆ ಕಂಡಾಗಲೂ ನಾನು ಕುರ್ಚಿಯಿಂದ ಏಳುವುದು, ಮೀಸೆ ಕಂಡು ಕೂರುವುದು. ಪಕ್ಕದಲ್ಲಿದ್ದವರು, "ಸುಮ್ನೆ ಕೂತ್ಕೊಳಿ, ಬರ್ತಾಳೆ" ಎಂದರು. ನಾನು ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಹೇಳುವವರಿಗೆ ಗೊತ್ತಿರುವುದಿಲ್ಲ.

ಬರುವವರು ವಿರಳವಾದರು. ಹಾಗಾದರೆ ಚನ್ನವೀರಪ್ಪನವರ ಜೊತೆ ಬರುತ್ತಿದ್ದಾಳೆ ಎಂದುಕೊಂಡೆ. ಅವರಿದ್ದಾರಲ್ಲ, ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ತಿರುವಿನಲ್ಲಿ ಹಳದಿ ಕಂಡಿತು. ಚಪ್ಪಾಳೆ ಎದ್ದಿತು. ಚನ್ನವೀರಪ್ಪನವರು ಏದುಸಿರು ಬಿಡುತ್ತಾ ಬಾವುಟ ಎತ್ತಿಕೊಂಡು ಬಂದರು. ನಾನು ಅವರನ್ನು ನೋಡಲಿಲ್ಲ, ಅವರ ಹಿಂದೆ ನೋಡಿದೆ. ಹಿಂದೆ ರಸ್ತೆ ಖಾಲಿ ಇತ್ತು. ಒಂದು ಎತ್ತಿನ ಗಾಡಿ ಮಾತ್ರ ಬರುತ್ತಿತ್ತು.

ಬಾವುಟ ಗೂಟದಲ್ಲಿ ನಿಂತಿತು. ಅಡುಗೆಯವರು ಮುಚ್ಚಳ ತೆಗೆದರು. ಆಗಲೇ ನಾನು ಇವರ ಹತ್ತಿರ ಹೋಗಿ ಹೇಳಿದ್ದು, ವಸು ಇನ್ನೂ ಬಂದಿಲ್ಲ ಎಂದು. ಆಗಲೇ ಇವರು ಹೇಳಿದ್ದು, ಬಾವುಟ ಬಂದಾಯ್ತಲ್ಲ ಎಂದು.

"ಬಾವುಟ ಬಂದ್ರೆ?" ಎಂದೆ.

"ಅಂದ್ರೆ ಎಲ್ರೂ ಬಂದಾಯ್ತು ಅಂತ. ಇಷ್ಟು ವರ್ಷದಲ್ಲಿ ಒಂದ್ಸಲ ತಪ್ಪಿದ್ಯಾ? ನಾಚಿಕೊಂಡು ನೇರವಾಗಿ ಮನೆಗೆ ಹೋಗಿರ್ತಾಳೆ ಕಣೇ, ನೋಡು ಹೋಗು" ಎಂದವರೇ ಮುಖ್ಯ ಅತಿಥಿಗಳಿಗೆ ಕುರ್ಚಿ ತೋರಿಸಲು ಹೊರಟರು.

ಚನ್ನವೀರಪ್ಪನವರು ನೀರು ಕುಡಿಯುತ್ತಿದ್ದರು. ಕೇಳಿದೆ. ಅವರು ಸಲೀಸಾಗಿ, "ಆಕಿ ನನ್ನ ಮುಂದಿದ್ಲಲ್ಲ ತಂಗಿ. ನಾಯಂಡಹಳ್ಳಿ ದಾಟಿದ ಮ್ಯಾಲೆ ನನ್ನ ಹಿಂದೆ ಹಾಕಿ ಹೋದ್ಲು. ಕಣ್ಣಾರೆ ನೋಡೀನಿ" ಎಂದರು.

"ಅವಳು ವಾಪಸ್ ಬರುವಾಗ ನಿಮಗೆ ಎದುರಿಗೆ ಸಿಕ್ಕಿದ್ಲಾ?"

ಲೋಟ ಅಲ್ಲೇ ನಿಂತಿತು. ಯೋಚಿಸಿದರು. "ಸಿಗಲಿಲ್ಲ" ಎಂದರು.

ಮುಂದೆ ಹೋದವಳು ಎದುರಿಗೆ ಸಿಕ್ಕಿಲ್ಲ. ಇಲ್ಲಿಗೂ ಬಂದಿಲ್ಲ. ಹಾಗಾದರೆ ನಡುವೆ ಎಲ್ಲಿ ಹೋದಳು?

ಕೆಂಗೇರಿಯಲ್ಲಿ ದಾರ ಕಟ್ಟಿದವನು ನಂಜುಂಡ. ಬಾವುಟ ಕೊಟ್ಟು, ಸೈಕಲ್ ಹತ್ತಿ, ಬಾವುಟಕ್ಕಿಂತ ಮುಂಚೆಯೇ ಬಂದು ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದ.

"ನಂಜುಂಡ, ನಮ್ಮ ವಸೂಗೆ ದಾರ ಕಟ್ಟಿದ್ಯೇನೋ?"

"ಎಷ್ಟೊಂದ್ ಜನ ಅಕ್ಕ. ನಾನು ಕೈ ನೋಡಿ ಕಟ್ತಾ ಇರ್ತೀನಿ, ಮುಖ ಎಲ್ಲಿ ನೋಡ್ಲಿ?"

"ಬಳೆ ಹಾಕಿದ್ ಕೈಗೆ ಕಟ್ಟಿದ್ಯಾ?"

ಎಲೆಗೆ ಚಾಚಿದ್ದ ಅವನ ಕೈ ನಿಧಾನವಾಯಿತು. "ಬಳೆ... ಇಲ್ಲ ಅನ್ಸುತ್ತೆ ಅಕ್ಕ" ಎಂದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವನಂತೆ, "ಚನ್ನವೀರಪ್ಪನೋರು ಬಂದ್ರು, ಬಾವುಟ ಕೊಟ್ಟೆ. ಅವರ ಹಿಂದೆ ಯಾರ್ ಇರ್ತಾರೆ?" ಎಂದ.

ಅವನೂ ತಿರುಗಿ ನೋಡಿಲ್ಲ, ಅವರೂ ತಿರುಗಿ ನೋಡಿಲ್ಲ. ಯಾಕೆ ನೋಡಬೇಕು? ಸಂಘದ ಇಷ್ಟು ವರ್ಷದ ಚರಿತ್ರೆಯಲ್ಲಿ ಚನ್ನವೀರಪ್ಪನವರ ಹಿಂದೆ ಯಾರೂ ಇದ್ದದ್ದಿಲ್ಲ.

ಮನೆಗೆ ಓಡಿದೆ. (ಹೌದು, ನಾನೂ ಓಡಿದೆ, ಸೀರೆಯ ನೆರಿಗೆ ಎತ್ತಿ ಹಿಡಿದು. ನನಗೆ ಯಾರೂ ದಾರ ಕಟ್ಟಲಿಲ್ಲ.) ಬಾಗಿಲಲ್ಲಿ ಅತ್ತೆ ಹೂವು ಕಟ್ಟುತ್ತಾ ಕೂತಿದ್ದರು. "ವಸು ಗೆದ್ಲಾ?" ಎಂದು ಕೇಳಿದರು. ಅವಳು ಮನೆಗೆ ಬಂದಿಲ್ಲ ಎಂದು ಅವರ ಪ್ರಶ್ನೆಯಲ್ಲೇ ತಿಳಿಯಿತು. ಬಂದ ದಾರಿಯಲ್ಲೇ ತಿರುಗಿದೆ.

ತಾಯಂದಿರ ತಲೆ ಅಂಥ ಹೊತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಬೇಕೇ? ಇಟ್ಟಿಗೆ ಲಾರಿ. ತಲೆ ಸುತ್ತಿ ಮೋರಿಗೆ ಬಿದ್ದವಳು. ನಾಯಿ. ಒಂಟಿ ಹುಡುಗಿಯ ಹಿಂದೆ ಸೈಕಲ್ಲಿನಲ್ಲಿ ಬಂದ ಪೋಲಿಗಳು. ಎದುರು ಮನೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನಿದೆ. ಆದರೆ ಕೆಂಗೇರಿಯಲ್ಲಿ ಯಾರಿಗೆ ಮಾಡಲಿ, ಏನೆಂದು ಕೇಳಲಿ? ನೀಲಿ ಚೂಡಿದಾರ್ ತೊಟ್ಟ ಹುಡುಗಿ ಆ ರಸ್ತೆಯಲ್ಲಿ ಕಂಡಳೇ ಎಂದೇ? ದೇವರಿಗೆ ಹರಕೆ ಹೊತ್ತೆ. ಯಾವ ದೇವರಿಗೆ ಏನು ಹೊತ್ತೆ ಎಂದು ಈಗ ನೆನಪಿಲ್ಲ, ಎಲ್ಲರಿಗೂ ಒಂದೊಂದು ತೆಂಗಿನಕಾಯಿ ಒಡೆಸಿ ಮುಗಿಸಬೇಕು.

ಮೈದಾನಕ್ಕೆ ಬಂದಾಗ ಪ್ರಾರ್ಥನೆ ಮುಗಿದು ಸ್ವಾಗತ ಭಾಷಣ ನಡೆಯುತ್ತಿತ್ತು. ಮೈಕಿನ ಮುಂದೆ ಇವರೇ. ವೇದಿಕೆಯ ಪಕ್ಕಕ್ಕೆ ಹೋಗಿ ಕೈಸನ್ನೆ ಮಾಡಿದೆ. ಇಳಿದು ಬಂದರು.

"ಮನೇಲಿಲ್ಲ" ಎಂದೆ.

ಈ ಸಲ ಅವರ ಮುಖದ ಬಣ್ಣ ಹೋಯಿತು. ಆದರೂ ವೇದಿಕೆಯ ಕಡೆ ಒಮ್ಮೆ, ಬಾವುಟದ ಕಡೆ ಒಮ್ಮೆ ನೋಡಿದರು. "ಹತ್ತೇ ನಿಮಿಷ ಕಣೇ. ಅತಿಥಿಗಳಿಗೆ ಇನ್ನೊಂದ್ ಕಡೆ ಫಂಕ್ಷನ್ ಇದೆ. ಬಹುಮಾನ ಕೊಟ್ಟುಬಿಡ್ಲಿ, ಸ್ಕೂಟರ್ ತಗೊಂಡು ನಾನೇ ಹೋಗ್ತೀನಿ. ಬಾವುಟ ಬಂದಿದೆ ಅಂದ್ಮೇಲೆ ಎಲ್ಲೋ ಇಲ್ಲೇ ಇರ್ತಾಳೆ" ಎಂದು ಮತ್ತೆ ಮೈಕಿನ ಮುಂದೆ ಹೋದರು.

ನನಗೆ ಗೌರಮ್ಮ ನೆನಪಾದಳು. ಜಗಲಿಯ ಮುಂದೆ ನಿಂತು, ನಿಮ್ಮ ಯಜಮಾನರು ಊಟಕ್ಕೆ ಕೂತಿದ್ದಾರಾ ಎಂದು ಕೇಳಿದವಳು. ಅವಳು ಸೀರೆ ಹರಿದು ಹೊಲಿದು ಕೊಟ್ಟದ್ದು ಇದಕ್ಕೇನಾ? ಮನುಷ್ಯ ಬಂದನೋ ಇಲ್ಲವೋ ನೋಡಿ ಎಂದು ಕೊಟ್ಟ ಬಟ್ಟೆ, ಈಗ ಮನುಷ್ಯನನ್ನು ನೋಡುವುದೇ ಬೇಡ ಎನ್ನುತ್ತಿದೆಯಲ್ಲ.

ನನಗೆ ರೇಗಿಹೋಯಿತು. ಸಭೆಯ ಮುಂದೆ ಹೋದೆ. ಗೂಟದಿಂದ ಬಾವುಟ ಕಿತ್ತೆ. ಹೆಗಲಿಗೆ ಇಟ್ಟುಕೊಂಡು ಗೇಟಿನ ಕಡೆ ಹೊರಟೆ.

ಹಿಂದೆ ಮೈಕ್ ನಿಂತಿತು. "ಏನಿದು, ಎಲ್ಲಿಗೆ?" ಎಂದು ಯಾರೋ ಕೇಳಿದರು. "ಬಾವುಟ ಇನ್ನೂ ಬಂದಿಲ್ಲ. ನೀವೆಲ್ಲ ಕಾಯ್ತಾ ಇರಿ" ಎಂದೆ. ತಿರುಗಿ ನೋಡಿದಾಗ ಅಡುಗೆಯವರು ಉಪ್ಪಿಟ್ಟಿನ ಪಾತ್ರೆಗೆ ಮತ್ತೆ ಮುಚ್ಚಳ ಹಾಕುತ್ತಿದ್ದರು. ನಿಯಮ ನಿಯಮವೇ.

ನಮ್ಮ ಮನೆಯವರ ಸ್ಕೂಟರ್ ನನ್ನನ್ನು ದಾಟಿ ಹೋಯಿತು. ಮುಖ್ಯ ಅತಿಥಿಗಳನ್ನು ಹಾಗೇ ಬಿಟ್ಟು ಬಂದಿದ್ದರು. ನನ್ನ ಕಡೆ ನೋಡಲಿಲ್ಲ. ಅವರು ಅಳುತ್ತಿದ್ದರು ಎಂದು ಹೇಳಿದರೆ ಸಂಘದವರು ನಂಬುವುದಿಲ್ಲ, ನಾನು ನೋಡಿದೆ.

ಹಿಂದಿನಿಂದ ದಪದಪ ಹೆಜ್ಜೆ ಕೇಳಿಸಿತು. ಚನ್ನವೀರಪ್ಪನವರು. ಆಗಷ್ಟೇ ಕೆಂಗೇರಿ ಮುಟ್ಟಿ ಬಂದ ಮನುಷ್ಯ ಮತ್ತೆ ಓಡಿ ಬರುತ್ತಿದ್ದರು. "ನಾ ತಿರುಗಿ ನೋಡಬೇಕಿತ್ತು ತಂಗಿ" ಎಂದರು. ಅದನ್ನೇ ದಾರಿಯುದ್ದಕ್ಕೂ ಹೇಳಿದರು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೈಸೂರು ರಸ್ತೆಗೆ ಇಳಿದೆವು. ನಾಯಂಡಹಳ್ಳಿಗೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಪಕ್ಕದಲ್ಲಿ ಒಂದು ಲಾರಿ ನಿಂತಿತ್ತು. ಸುತ್ತ ಜನ ಬಗ್ಗಿ ಏನನ್ನೋ ನೋಡುತ್ತಿದ್ದರು. ಮುಂದೆ ಹೋಗಲಾರೆ, ನಿಲ್ಲಲಾರೆ. "ನೀನು ಇಲ್ಲೇ ಇರು ತಂಗಿ" ಎಂದು ಚನ್ನವೀರಪ್ಪನವರು ಮುಂದೆ ಹೋದರು. ಗುಂಪಿನೊಳಗೆ ತಲೆ ಹಾಕಿದರು. ಆ ತಲೆ ಹೊರಗೆ ಬರುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ಗೊತ್ತಿಲ್ಲ.

"ಟೈರು" ಎಂದು ಅಲ್ಲಿಂದಲೇ ಕೈ ಆಡಿಸಿದರು. "ಟೈರು ಬಿಚ್ಯಾರೆ, ಅಷ್ಟೇ."

ರಸ್ತೆ ಪಕ್ಕದ ಮೈಲುಗಲ್ಲಿನ ಮೇಲೆ ಕೂತುಬಿಟ್ಟೆ. ಕೂತಲ್ಲಿಂದಲೇ ಕಂಡಿತು. ದೂರದಲ್ಲಿ, ಸಾಲುಮರಗಳ ನೆರಳಿನಲ್ಲಿ, ಒಂದು ಸ್ಕೂಟರು ಆಮೆಯಂತೆ ಬರುತ್ತಿತ್ತು. ಅದರ ಪಕ್ಕದಲ್ಲಿ ನೀಲಿ ಬಟ್ಟೆಯ ಒಂದು ಆಕೃತಿ, ಕುಂಟುತ್ತಾ ಓಡುತ್ತಿತ್ತು. ಲೇಸಿನಲ್ಲಿ ಕಟ್ಟಿದ ಶೂಗಳು ಕೊರಳಿನಿಂದ ನೇತುಬಿದ್ದಿದ್ದವು. ಕಾಲು ಬರಿಗಾಲು.

ಹತ್ತಿರ ಬಂದಂತೆ ಅಪ್ಪ ಮಗಳ ಮಾತು ಕೇಳಿಸಿತು.

"ಹತ್ಕೊಳ್ಳೇ ಪುಟ್ಟಿ, ಸಾಕು."

"ಗಾಡಿ ಹತ್ತಿದ್ರೆ ಔಟ್ ಅಂತ ನೀವೇ ರೂಲ್ ಮಾಡಿದೀರಲ್ಲಪ್ಪ."

"ರೂಲ್ ಹಾಳಾಗ್ಲಿ ಕಣೇ."

ಆ ಮಾತು ಅವರ ಬಾಯಲ್ಲಿ ಕೇಳಲು ನಾನು ಇಷ್ಟು ವರ್ಷ ಕಾಫಿ ಬೆರೆಸಿದ್ದೆ.

ನಡೆದದ್ದು ಇಷ್ಟು. ಹೊಸ ಶೂ ಕಚ್ಚಿ ಹಿಮ್ಮಡಿ ಕಿತ್ತುಹೋಗಿತ್ತು. ಕೆಂಗೇರಿಗೆ ಮುಂಚೆ ರಸ್ತೆ ಪಕ್ಕದ ಮನೆಯ ಅಜ್ಜಿಯೊಬ್ಬರು ಇವಳನ್ನು ಕರೆದು, ಹಿತ್ತಲಲ್ಲಿ ಕೂರಿಸಿ, ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದಾರೆ. ಆ ಹೊತ್ತಿನಲ್ಲಿ ಚನ್ನವೀರಪ್ಪನವರು ಮನೆಯ ಮುಂದೆ ಹಾದು ಹೋಗಿದ್ದಾರೆ, ತಿರುಗಿಯೂ ಬಂದಿದ್ದಾರೆ. ಇವಳು ಕುಂಟುತ್ತಾ ಹುಣಸೆಮರ ತಲುಪಿದರೆ ಅಲ್ಲಿ ಯಾರೂ ಇಲ್ಲ. ನಂಜುಂಡನೂ ಇಲ್ಲ, ದಾರವೂ ಇಲ್ಲ. ಎಳನೀರಿನವನನ್ನು ಕೇಳಿದ್ದಾಳೆ. "ಎಲ್ಲಾ ಹೋದ್ರಲ್ಲಮ್ಮ, ಆವಾಗ್ಲೇ" ಎಂದನಂತೆ.

"ಹೋಗ್ಲಿ, ಅಲ್ಲಿಂದಾದ್ರೂ ಬಸ್ ಹತ್ತಬಾರದಿತ್ತಾ? ಚಿಲ್ಲರೆ ಕೊಟ್ಟಿದ್ನಲ್ಲೇ?" ಎಂದೆ. ಅವಳನ್ನು ಅಪ್ಪಿಕೊಂಡೇ ಬೈಯುತ್ತಿದ್ದೆ.

ಅವಳು ಮುಷ್ಟಿ ಬಿಚ್ಚಿದಳು. ಬೆವರಿನಲ್ಲಿ ನೆಂದ ಒಂದು ರಟ್ಟಿನ ಚೀಟಿ. ಪ್ಲಾಟ್‌ಫಾರಂ ಟಿಕೆಟ್.

"ಕೆಂಗೇರಿ ಸ್ಟೇಷನ್ನಿಗೆ ಹೋಗಿ ತಗೊಂಡೆ ಅಮ್ಮ. ಊರಿನ ಹೆಸರಿದೆ ನೋಡು, ತಾರೀಖೂ ಒತ್ತಿದಾರೆ. ದಾರ ಇಲ್ದೆ ಬಂದ್ರೆ ನಾನು ಕೆಂಗೇರಿ ಮುಟ್ಟಿದೀನಿ ಅಂತ ಯಾರ್ ನಂಬ್ತಾರೆ?"

ಬಸ್ಸಿನ ದುಡ್ಡಿನಲ್ಲಿ ಪುರಾವೆ ಕೊಂಡು, ಹರಿದ ಹಿಮ್ಮಡಿಯಲ್ಲಿ ಅಷ್ಟು ದೂರ ಬಂದಿದ್ದಾಳೆ. ನಾನು ಇವರ ಕಡೆ ನೋಡಿದೆ. ಇವರು ಸ್ಕೂಟರಿನ ಹ್ಯಾಂಡಲ್ ನೋಡುತ್ತಿದ್ದರು. ಹೇಳಿದರೆ ನಂಬುವುದಿಲ್ಲ, ತೋರಿಸಿದರೆ ಮಾತ್ರ ನಂಬುತ್ತಾರೆ ಎಂದು ಆ ಹುಡುಗಿಗೆ ಯಾರು ಕಲಿಸಿದರು? ನಮ್ಮ ಮನೆಯ ನಡುಮನೆಯಲ್ಲೇ ಸಂಘದ ಸಭೆ ನಡೆಯುತ್ತದೆ, ಕಲಿಯಲು ಬೇರೆ ಶಾಲೆ ಬೇಕಾಗಿಲ್ಲ.

ಚನ್ನವೀರಪ್ಪನವರು ನನ್ನ ಹೆಗಲಿನಿಂದ ಬಾವುಟ ತೆಗೆದುಕೊಂಡರು. ಒಂದು ಗಳಿಗೆ ಅದರ ಅಂಚು ಸವರಿದರು. ಬಟ್ಟೆ ಎಷ್ಟೋ ಸಲ ತೇಪೆ ಕಂಡಿದೆ, ಅಂಚಿನ ಹೊಲಿಗೆ ಮಾತ್ರ ಗೌರಮ್ಮನದೇ. ಆಮೇಲೆ ಅದನ್ನು ವಸುವಿನ ಕೈಗೆ ಕೊಟ್ಟು, "ಇದು ನಿಂದು ಮಗಾ. ನಾ ತಪ್ಪಿ ತಂದಿದ್ದೆ" ಎಂದರು.

ವಸು ಬಾವುಟ ಹಿಡಿದು ಓಡಿದಳು. ಹಿಂದೆ ಚನ್ನವೀರಪ್ಪನವರು, ಅವರ ಹಿಂದೆ ಸ್ಕೂಟರಿನಲ್ಲಿ ನಾವಿಬ್ಬರು. ಮೈದಾನ ತಲುಪಿದಾಗ ಅತಿಥಿಗಳು ಹೊರಟುಹೋಗಿದ್ದರು. ಓಡಿದವರಲ್ಲಿ ಅರ್ಧ ಜನ ಇದ್ದರು. ಚಪ್ಪಾಳೆ ತಟ್ಟಿದರು, ಉಪ್ಪಿಟ್ಟು ಆರಿ ಗಟ್ಟಿಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಬುಧವಾರ ಸಮಿತಿ ಕೂತಿತು.

ನೀವೇ ಹೇಳಿ, ಇದು ಓಟದ ಸಂಘದ ಕಾಯಿಲೆ ಮಾತ್ರವಾ? ನಲ್ಲಿಯಲ್ಲಿ ಹನಿ ನೀರಿಲ್ಲ ಎಂದು ದೂರಲು ಹೋದರೆ, "ನಿಮ್ಮ ಬೀದಿಗೆ ಬೆಳಿಗ್ಗೆಯೇ ಬಿಟ್ಟಾಗಿದೆಯಲ್ಲಮ್ಮ" ಎನ್ನುತ್ತಾರೆ. ಸಕ್ಕರೆ ಸಿಗಲಿಲ್ಲ ಎಂದರೆ ರೇಷನ್ ಕಾರ್ಡಿನಲ್ಲಿ ಗುರುತು ಬಿದ್ದಿದೆ ಎನ್ನುತ್ತಾರೆ. ಖಾಲಿ ಕೊಡ ನಮ್ಮ ಸೊಂಟದಲ್ಲಿದೆ, ಖಾಲಿ ಚೀಲ ನಮ್ಮ ಕೈಯಲ್ಲಿದೆ. ಅದನ್ನು ನೋಡಲು ಅವರು ತಲೆ ಎತ್ತಬೇಕು. ಯಾರೋ ಒಬ್ಬಳ ಕಷ್ಟ ನೋಡಿ ಒಂದು ಒಳ್ಳೆಯ ಪದ್ಧತಿ ಶುರುವಾಗುತ್ತದೆ. ನಾಲ್ಕು ವರ್ಷ ಕಳೆದರೆ ಪದ್ಧತಿ ಉಳಿದು, ಒಬ್ಬಳು ಮರೆತುಹೋಗುತ್ತಾಳೆ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಸಂಘದ ಚರಿತ್ರೆ ಬರೆದುಕೊಡು ಎಂದು ಇವರು ನನ್ನನ್ನೇ ಕೇಳಿದ್ದರು. ಮಾದರಿಗೆಂದು ತಾವೇ ಮೊದಲ ಪ್ಯಾರಾ ಹಾಕಿಕೊಟ್ಟಿದ್ದರು: ಸಂಸ್ಥಾಪಕರ ದೂರದೃಷ್ಟಿಯಿಂದ ಬಾವುಟದ ಪದ್ಧತಿ ಜಾರಿಗೆ ಬಂತು, ಎಂದು. ಗೌರಮ್ಮನ ಹೆಸರು ಅದರಲ್ಲಿಲ್ಲ.

ಇರಲಿ, ಬುಧವಾರಕ್ಕೆ ಬರುತ್ತೇನೆ. ಕಾಫಿ ಕೊಡುವ ನೆಪದಲ್ಲಿ ಎಲ್ಲವನ್ನೂ ಕೇಳಿಸಿಕೊಂಡೆ. ಸದಸ್ಯರಲ್ಲದವರು ಬಾವುಟ ಮುಟ್ಟಕೂಡದು ಎಂಬುದು ಮೊದಲ ತೀರ್ಮಾನ. (ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಯಾರೂ ತಲೆ ಎತ್ತಲಿಲ್ಲ.) ಎರಡನೆಯದು, ಪ್ಲಾಟ್‌ಫಾರಂ ಟಿಕೆಟ್ಟನ್ನು ದಾರದ ಬದಲಿಗೆ ಒಪ್ಪಬಹುದೇ ಎಂಬ ಚರ್ಚೆ. ಬಹಳ ಹೊತ್ತು ನಡೆಯಿತು. "ಇವತ್ತು ಟಿಕೆಟ್ ಒಪ್ಕೊಂಡ್ರೆ ನಾಳೆ ರೈಲಲ್ಲೇ ಹೋಗಿ ಬರ್ತಾರೆ" ಎಂದರು ಒಬ್ಬರು. ಚನ್ನವೀರಪ್ಪನವರು ಎದ್ದು ನಿಂತು, "ನನ್ನ ಹಿಂದೆ ಒಬ್ಬಾಕಿ ಇದ್ಲು. ಅದನ್ನ ಬರಕೊಳ್ರಿ" ಎಂದರು. "ನೀವು ನೋಡಿದ್ರಾ?" ಎಂದು ಕೇಳಿದರು. ಅವರು ನೋಡಿರಲಿಲ್ಲವಲ್ಲ. ಲೋಟ ಕೆಳಗಿಟ್ಟು ಹೊರಟುಹೋದರು.

ಕೈಯೆತ್ತಿಸಿ ಮತ ಹಾಕಿಸಿದರು. ವಸುವಿನ ಪರವಾಗಿ ಎದ್ದದ್ದು ಒಂದೇ ಕೈ, ಕಾರ್ಯದರ್ಶಿಯದು. ದಾರವಿಲ್ಲದ ಕಾರಣ ಅವಳ ಓಟ ಓಟವಲ್ಲ ಎಂದು ತೀರ್ಮಾನವಾಯಿತು. ಆದ್ದರಿಂದ ಈ ವರ್ಷವೂ ಕೊನೆಯ ಓಟಗಾರ ಚನ್ನವೀರಪ್ಪನವರೇ. ಆದ್ದರಿಂದ ಬಾವುಟ ಬಂದದ್ದು ಸರಿಯಾದ ಕೈಯಲ್ಲೇ, ಸರಿಯಾದ ಹೊತ್ತಿಗೇ. ಸಂಘದ ಚರಿತ್ರೆಯಲ್ಲಿ ಬಾವುಟ ಒಮ್ಮೆಯೂ ತಪ್ಪಿಲ್ಲ ಎಂದು ಸಂಚಿಕೆಯಲ್ಲಿ ಧೈರ್ಯವಾಗಿ ಹಾಕಬಹುದಂತೆ.

ಹಾಕಲಿ. ಬರೆದುಕೊಡಲು ನಾನು ತಯಾರಿದ್ದೇನೆ, ಒಂದನ್ನು ಮಾತ್ರ ಸಮಿತಿಯವರು ಮೊದಲು ಹೇಳಲಿ: ಹಿಮ್ಮಡಿಗೆ ಅರಿಶಿನ ಹಚ್ಚಿಕೊಂಡು ನಮ್ಮ ಜಗಲಿಯ ಮೇಲೆ ಕೂತಿರುವ ಈ ಹುಡುಗಿ ಭಾನುವಾರ ಎಲ್ಲಿಂದ ಬಂದಳು?